ನಮ್ಮ ಎಳೆಯರ ಪಾಠದಲ್ಲಿ ಆನೆ

ಆನೆಯನ್ನು ಕುರಿತು ಎಳೆಯ ಮಕ್ಕಳಿಗೆ ಪಾಠ ಹೇಳುವುದು ಕನ್ನಡ ಉಪಾಧ್ಯಾಯರಿಗೆ ಅತಿ ಸುಲಭವಾದ ಕೆಲಸವೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ವರ್ಣಮಾಲೆಯ ಎರಡನೆಯ ಅಕ್ಷರವನ್ನು ತಿದ್ದಿಸುವಾಗಲೇ ಅದು ಸೊಂಡಿಲನ್ನೆತ್ತಿಕೊಂಡು ಗೋಡೆಯ ಪಟದಲ್ಲಿ ನಿಂತಿರುತ್ತದೆ. ಆಮೇಲೆ ಹಾಡಿನಲ್ಲಿ ಬರುತ್ತದೆ, ಕತೆಯಲ್ಲಿ ಬರುತ್ತದೆ, ಭಾದ್ರಪದದ ಚೌತಿಗೆ ಗಣಪತಿಯ ಮೊಗವಾಗಿ ಬರುತ್ತದೆ, ದಸರೆಗೆ ಮೈಸೂರಿನ ಅಂಬಾರಿಯ ಚಿತ್ರವಾಗಿ ಬರುತ್ತದೆ. ಇಷ್ಟೊಂದು ಸವೆದ ವಿಷಯವನ್ನು ಸಂಶೋಧನ ಸಂಚಿಕೆಯೊಂದರಲ್ಲಿ ಎತ್ತಿಕೊಳ್ಳುವುದೇಕೆಂದು ವಾಚಕರಲ್ಲಿ ಕೆಲವರಾದರೂ ಕೇಳದಿರರು. ನಮ್ಮ ಉತ್ತರವಿಷ್ಟೆ: ಈ ಎಲ್ಲ ಆನೆಗಳ ನಡುವೆ, ನಮ್ಮ ಹೊಸೂರು ಸೀಮೆಯ ಹೊಲಗಳಿಗೆ ವರ್ಷವರ್ಷವೂ ಬರುವ ಆನೆ ಮಾತ್ರ ಎಲ್ಲಿಯೂ ಇಲ್ಲ.

ಗಡಿಯಾಚೆಯಿಂದ ಈ ಸಂಚಿಕೆಯನ್ನು ಓದುವ ಬಂಧುಗಳಿಗಾಗಿ ಸ್ವಲ್ಪ ವಿವರಿಸಬೇಕಾಗಿದೆ. ಬನ್ನೇರುಘಟ್ಟದ ಕಾಡು ಆನೇಕಲ್ಲಿನ ಕಡೆ ರಾಜ್ಯದ ಎಲ್ಲೆಯನ್ನು ದಾಟಿ, ಹೆಸರನ್ನು ಮಾತ್ರ ಬದಲಿಸಿಕೊಂಡು ತಳಿ, ಜವಳಗಿರಿಗಳ ಕಾಡಾಗಿ ಮುಂದುವರಿಯುತ್ತದೆ. (ಆನೇಕಲ್ಲಿನ ಹೆಸರಿಗೂ ಆನೆಗೂ ಸಂಬಂಧ ಕಲ್ಪಿಸುವವರು ಉಂಟು, ಆದರೆ ಆನೆಕಲ್ಲೆಂದರೆ ಆಲಿಕಲ್ಲು ಎಂಬುದನ್ನು ಮರೆಯಬಾರದು.) ಅಲ್ಲಿಂದ ದೇಂಕಣಿಕೋಟೆ, ಅಂಚೆಟ್ಟಿ, ಉರಿಗಂಗಳನ್ನು ಹಾಯ್ದು ಈ ಕಾಡು ಕಾವೇರಿಯವರೆಗೆ ಇಳಿಯುತ್ತದೆ. ಇದರ ಬಹುಭಾಗವನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದೂ 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮವೆಂದೂ ತಮಿಳುನಾಡು ಸರ್ಕಾರ ಘೋಷಿಸಿತು. ದೀಪಾವಳಿಯ ಆಸುಪಾಸಿನಲ್ಲಿ ನಮ್ಮ ರಾಗಿ ತೆನೆಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಕೆಲವು ಜವಳಗಿರಿಯ ಸುತ್ತ ನಿಲ್ಲುತ್ತವೆ. ಕೆಲವು ಸಾನಮಾವಿನ ಚಿಕ್ಕ ಕಾಡಿಗೆ ಬಂದು, ಬೆಂಗಳೂರು–ಚೆನ್ನೈ ಹೆದ್ದಾರಿಯನ್ನು ಇರುಳಿನಲ್ಲಿ ದಾಟಿ ಶೂಲಗಿರಿಯ ಕಡೆಗೆ ಹೋಗುತ್ತವೆ. ರಾಗಿ ಕೊಯ್ದು ಕಣ ಮುಗಿದ ಮೇಲೆ, ಶಿವರಾತ್ರಿಯ ಹೊತ್ತಿಗೆ, ಬಹುಪಾಲು ಹಿಂದಿರುಗುತ್ತವೆ. 1980ರ ದಶಕದಲ್ಲಿ ಇದೇ ಕಾಡುಗಳಿಂದ ಹೊರಟ ಕೆಲವು ಹಿಂಡುಗಳು, ಬಹುಕಾಲದಿಂದ ಆನೆಯೇ ಇಲ್ಲದಿದ್ದ ಆಂಧ್ರದ ಕುಪ್ಪಂ ಕಡೆಗೆ ಹೋಗಿ ನೆಲೆಸಿದವು. ಅವುಗಳಿಗಾಗಿ 1990ರಲ್ಲಿ ಕೌಂಡಿನ್ಯ ವನ್ಯಜೀವಿಧಾಮವೆಂಬುದು ಏರ್ಪಟ್ಟಿತು. ಕನ್ನಡ, ತೆಲುಗು, ತಮಿಳುಗಳು ಬೆರೆತ ಈ ಮೂರು ಗಡಿಗಳ ಸೀಮೆಯಲ್ಲಿ ಮನುಷ್ಯರಂತೆಯೇ ಆನೆಯೂ ಮೂರು ಸರ್ಕಾರಗಳ ಪ್ರಜೆ.

ಇದನ್ನೆಲ್ಲ ಬಲ್ಲ ನಾವೂ ಉಪಾಧ್ಯಾಯರಾಗಿ ಏನು ಮಾಡಿದೆವೆಂಬುದನ್ನು ಮೊದಲು ಒಪ್ಪಿಕೊಂಡುಬಿಡುವುದು ಲೇಸು. ಎರಡು ವರ್ಷಗಳ ಕೆಳಗೆ ಆರನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳಿಂದ ಆನೆಯ ಮೇಲೆ ಒಂದು ಪುಟದ ಪ್ರಬಂಧ ಬರೆಯಿಸಿದೆವು. ಕಾಡಂಚಿನ ಹಳ್ಳಿಯಿಂದ ಬರುವ ಹುಡುಗನೊಬ್ಬನು, ಆನೆ ದೊಡ್ಡ ಪ್ರಾಣಿಯೆಂದೂ ಅದಕ್ಕೆ ನಾಲ್ಕು ಕಾಲು ಒಂದು ಸೊಂಡಿಲೆಂದೂ ಕಬ್ಬು ಬೆಲ್ಲಗಳು ಅದಕ್ಕೆ ಪ್ರಿಯವೆಂದೂ ಸರ್ಕಸ್ಸಿನಲ್ಲಿ ಆಟವಾಡುತ್ತದೆಂದೂ ಮನುಷ್ಯನಿಗೆ ಬಹಳ ಉಪಕಾರಿಯೆಂದೂ ಬರೆದಿದ್ದನು. ಸರ್ಕಸ್ಸಿನಲ್ಲಿ ಈಗ ಆನೆಯನ್ನು ಕಾಣುವುದೇ ಇಲ್ಲ. ಆದರೂ ಕಾಗುಣಿತದ ತಪ್ಪು ಒಂದೂ ಇಲ್ಲದ್ದರಿಂದ ಹತ್ತಕ್ಕೆ ಒಂಬತ್ತು ಕೊಟ್ಟೆವು. ಅದೇ ಹುಡುಗನು ಆ ತಿಂಗಳಿಡೀ ಮೊದಲನೆಯ ಪೀರಿಯಡ್ಡಿನಲ್ಲಿ ತೂಕಡಿಸುತ್ತಿದ್ದನು. ಎರಡು ಸಲ ಎದ್ದು ನಿಲ್ಲಿಸಿ ಗದರಿದೆವು. ಮೂರನೆಯ ಸಲ ತಾಯಿಯನ್ನು ಕರೆಸಿದೆವು. ಆಕೆ ಬಾಗಿಲಲ್ಲೇ ನಿಂತು, “ಬೈಬೇಡಿ ಸಾರ್, ಅವ್ನು ರಾತ್ರಿಯೆಲ್ಲ ತಾತನ ಜತೆ ಹೊಲದಾಗೆ ಇರ್ತಾನೆ” ಎಂದಳು. ಹಿಂದಿನ ಸುಗ್ಗಿಯಲ್ಲಿ ಆನೆಗೆ ಹೆದರಿ ಓಡುವಾಗ ಮುರಿದ ತಂದೆಯ ಕಾಲು ಸರಿಯಾಗಿ ಕೂಡಿರಲಿಲ್ಲ. ಅಟ್ಟಣೆಯ ಮೇಲೆ ಮುದುಕನಿಗೆ ಜೊತೆಯಾಗಿ ಕೂರಲು ಮನೆಯಲ್ಲಿ ಬೇರೆ ಗಂಡು ದಿಕ್ಕಿರಲಿಲ್ಲ.

ಆ ಮಧ್ಯಾಹ್ನ ಹುಡುಗನನ್ನು ನಮ್ಮ ಕೊಠಡಿಗೆ ಕರೆದು ಕೇಳಿದೆವು. ಅವನು ಹೇಳಿದುದನ್ನು ಕೇಳಿ ಆಶ್ಚರ್ಯವೂ ನಾಚಿಕೆಯೂ ಒಟ್ಟಿಗೆ ಆದವು. ಹಿಂಡು ಬಂದರೆ ಮುಂದೆ ಬರುವುದು ಮುದಿ ಹೆಣ್ಣಾನೆ. ಅದು ನಿಂತರೆ ಎಲ್ಲವೂ ನಿಲ್ಲುತ್ತವೆ. ಮರಿಗಳು ನಡುವೆ, ದೊಡ್ಡವುಗಳ ಕಾಲ ಸಂದಿಯಲ್ಲಿ. ಹೊಲಕ್ಕೆ ಮೊದಲು ನುಗ್ಗುವುದು ಹಿಂಡಲ್ಲ, ಒಂಟಿ ಸಲಗ, ಇಲ್ಲವೆ ಎರಡು ಮೂರು ಗಂಡಾನೆಗಳ ಜೊತೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿಕೊಂಡೇ ತಾತ ಬೀಡಿ ಹಚ್ಚುವುದು. “ಇಷ್ಟೆಲ್ಲ ತಿಳಿದವನು ಪ್ರಬಂಧದಲ್ಲಿ ಯಾಕೆ ಬರೆಯಲಿಲ್ಲವಯ್ಯ?” ಎಂದೆವು. “ಅದು ಪುಸ್ತಕದಾಗಿಲ್ಲ ಸಾರ್” ಎಂದನು. ಟ್ರೈನಿಂಗಿನಲ್ಲಿ ನಾವೆಲ್ಲರೂ ಉರುಹೊಡೆದ ಮೊದಲ ಸೂತ್ರ ತಿಳಿದುದರಿಂದ ತಿಳಿಯದುದಕ್ಕೆ ಎಂಬುದು. ಈ ಹುಡುಗನಿಗೆ ಐದು ವರ್ಷಗಳ ಕಾಲ ನಮ್ಮ ವ್ಯವಸ್ಥೆ ಕಲಿಸಿದ್ದು ಅದರ ವಿಪರೀತವನ್ನು: ತಿಳಿದುದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕೆಂಬುದನ್ನು.

ಹೀಗಾಗಲು ಕಾರಣವೇನೆಂದು ನೋಡುವುದಕ್ಕಾಗಿ, ನಮ್ಮ ಎಳೆಯರು ಆನೆಯನ್ನು ಕುರಿತು ಹಾಡುವ, ಕೇಳುವ, ನೋಡುವ ಸಾಮಗ್ರಿಯನ್ನು ಒಂದೊಂದಾಗಿ ಪರಾಮರ್ಶಿಸೋಣ. ಮೊದಲನೆಯದು ಕನ್ನಡದ ಮಕ್ಕಳೆಲ್ಲರ ಬಾಯಲ್ಲಿರುವ, ಆನೆಯೊಂದು ಊರಿಗೆ ಬರುವ ಹಾಡು. ಅದನ್ನು ಇಲ್ಲಿ ಬರೆದು ತೋರಿಸುವ ಅಗತ್ಯವಿಲ್ಲ. ವಾಚಕರಿಗೆ ಅದು ಎದೆಯಲ್ಲಿದೆ. ಮಕ್ಕಳು ಆ ಆನೆಯ ಊರು ಕೇಳುತ್ತಾರೆ, ವಿಜಾಪುರದ್ದೆಂದು ತಿಳಿಯುತ್ತದೆ. ಬಂದುದೇಕೆಂದರೆ, ಹಾದಿ ಮರೆತು. ಬಳಿಕ ಓಣಿಗೂ ಹಾದಿಗೂ ಕಾಸು ಸಿಕ್ಕುತ್ತದೆ, ಆ ಕಾಸಿಗೆ ಕೊಬ್ಬರಿ ಬರುತ್ತದೆ, ಕೊಬ್ಬರಿ ಮಕ್ಕಳ ಪಾಲಾಗುತ್ತದೆ. ಲಯವಂತೂ ಆನೆಯ ನಡಿಗೆಯದೇ. ಅಂಗೈಗಳನ್ನು ಜೋಡಿಸಿ ಸೊಂಡಿಲು ತೂಗಿಸುತ್ತ ಹಾಡದ ಮಗುವನ್ನು ನಾವು ಕಂಡಿಲ್ಲ.

ಆದರೆ ಈ ಆನೆ ಯಾವುದು? ವಿಜಾಪುರದ ಬಯಲು ಆನೆಯ ಕಾಡಲ್ಲ. ಅಲ್ಲಿದ್ದುದು ಆದಿಲಶಾಹಿ ಸುಲ್ತಾನರ ಗಜಶಾಲೆ. ಅರಮನೆಗಳು ಅಳಿದ ಮೇಲೆ ಮಾವುತನೊಡನೆ ಊರೂರು ತಿರುಗಿ ಕಾಸು ಕೇಳುತ್ತಿದ್ದ ಸಾಕಿದ ಆನೆಯ ನೆನಪು ಈ ಹಾಡಿನಲ್ಲಿ ಉಳಿದಿದೆಯೆಂದು ನಮ್ಮ ಊಹೆ. ಕಾಸಿನ ಮಾತಿಲ್ಲದಿದ್ದರೆ ಹೀಗೆ ಊಹಿಸಲು ಆಧಾರವಿರುತ್ತಿರಲಿಲ್ಲ. ಕಾಡಾನೆಗೆ ಕಾಸು ಕೊಡುವವರಾರು? ಹಾಡಿನ ಆನೆಗೆ ಹಿಂಡಿಲ್ಲ, ತಾಯಿಯಿಲ್ಲ, ಕಾಡಿಲ್ಲ, ಹಸಿವಿಲ್ಲ. ಬಯಲುಸೀಮೆಯ ಮಗುವಿಗೆ ಇದರಿಂದ ಯಾವ ಬಾಧಕವೂ ಇಲ್ಲ. ನಮ್ಮ ಮಕ್ಕಳ ವಿಷಯದಲ್ಲಿ ಮಾತ್ರ ಹಾದಿ ಮರೆತ ಮಾತು ಆಟವಾಗಿ ಉಳಿಯುವುದಿಲ್ಲ. ಹೊಸೂರಿನ ಸುತ್ತ ಆನೆ ಕಾಣಿಸಿಕೊಂಡ ಮರುದಿನ ಪತ್ರಿಕೆ ಬರೆಯುವುದೂ ಅದನ್ನೇ, ಊರಿನವರು ಹೇಳುವುದೂ ಅದನ್ನೇ: ಆನೆ ದಾರಿ ತಪ್ಪಿ ಊರಿಗೆ ನುಗ್ಗಿತು. ಹಾದಿ ಮರೆತ ಪ್ರಾಣಿ ವರ್ಷಂಪ್ರತಿ ಅದೇ ತಿಂಗಳಿನಲ್ಲಿ, ಅದೇ ಹಳ್ಳವನ್ನು ಹಿಡಿದು, ಹೆದ್ದಾರಿಯನ್ನು ಅದೇ ಜಾಗದಲ್ಲಿ ದಾಟುವುದುಂಟೆ? ಅದು ತನ್ನ ಹಾದಿಯಲ್ಲೇ ಇದೆ. ಆ ಹಾದಿಯ ಮೇಲೆ ಬಡಾವಣೆ, ಕಾರ್ಖಾನೆ, ಹೂವಿನ ಹಸಿರುಮನೆ, ಆರು ಸಾಲಿನ ರಸ್ತೆ ಬಂದವು. ಹಾಡನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಬಿಡಿಸಲು ಹೊರಟರೆ ಮಕ್ಕಳೇ ನಮ್ಮನ್ನು ಬಿಟ್ಟಾರು. ಅದನ್ನು ಹಾಡಾಗಿ ಹಾಡಿಸಿ, ಪ್ರಾಣಿಶಾಸ್ತ್ರದ ಪಾಠಕ್ಕೆ ಪೀಠಿಕೆಯಾಗಿ ಮಾತ್ರ ಬಳಸಬಾರದೆಂಬುದು ನಮ್ಮ ವಿನಂತಿ.

ಇನ್ನು ಕತೆಗಳು. ಸೂಜಿಯಿಂದ ಚುಚ್ಚಿದ ದರ್ಜಿಯ ಅಂಗಡಿಗೆ ಕೊಳಕು ನೀರೆರಚಿದ ಆನೆಯ ಕತೆ ನೀತಿಗಾಗಿ ಇದೆ. ಅದರಲ್ಲಿ ಆನೆಯ ಬದಲು ಯಾವ ನೆನಪುಳ್ಳ ಪ್ರಾಣಿಯಿದ್ದರೂ ನಡೆದೀತು, ಉದ್ದ ಮೂಗೊಂದಿದ್ದರೆ ಸಾಕು. ಆರು ಮಂದಿ ಕುರುಡರ ಕತೆ ತತ್ತ್ವಕ್ಕಾಗಿ ಇದೆ; ಅಲ್ಲಿ ಆನೆ ಕಂಬದಂತೆ ನಿಂತಿರುವುದಷ್ಟೇ ಅದರ ಕೆಲಸ. ಇವನ್ನು ಬಿಟ್ಟು ಪಂಚತಂತ್ರದ ಮೂರನೆಯ ತಂತ್ರದಲ್ಲಿ ಬರುವ ಮೊಲಗಳ ಕತೆಗೆ ಬಂದರೆ ನಮ್ಮ ಮಾತಿಗೆ ಒಂದು ಅನಿರೀಕ್ಷಿತ ಬೆಂಬಲ ದೊರೆಯುತ್ತದೆ. ಮಳೆ ಹೋಗಿ ಕೆರೆಕಟ್ಟೆ ಬತ್ತಿದುದರಿಂದ ಆನೆಗಳ ಹಿಂಡು ನೀರನ್ನು ಹುಡುಕಿಕೊಂಡು ಬೇರೊಂದು ಸರೋವರಕ್ಕೆ ಬರುತ್ತದೆ. ಅದರ ದಂಡೆಯಲ್ಲಿ ಬಿಲ ತೋಡಿಕೊಂಡಿದ್ದ ಮೊಲಗಳು ಕಾಲಡಿಗೆ ಸಿಕ್ಕಿ ಸಾಯುತ್ತವೆ. ಆನೆಗಳಿಗೆ ಮೊಲಗಳ ಮೇಲೆ ದ್ವೇಷವಿಲ್ಲ, ಬಾಯಾರಿಕೆಯಿದೆ. ಮೊಲಗಳಿಗೆ ಸಾವು ಮಾತ್ರ ನಿಜ. ಕೊನೆಗೆ ಜಾಣ ಮೊಲವೊಂದು ನೀರಿನಲ್ಲಿ ನಡುಗುವ ಚಂದ್ರನನ್ನು ತೋರಿಸಿ ಗಜರಾಜನನ್ನು ಹಿಂದಕ್ಕೆ ಕಳುಹಿಸುತ್ತದೆ. ಉಪಾಧ್ಯಾಯರು ಈ ಕತೆ ಹೇಳುವಾಗ ಚಂದ್ರನ ಉಪಾಯಕ್ಕೆ ಬೇಗ ಧಾವಿಸುವ ವಾಡಿಕೆಯಿದೆ. ನಾವಾದರೆ ಮೊದಲ ಭಾಗದಲ್ಲೇ ನಿಲ್ಲುತ್ತೇವೆ. ಅಷ್ಟು ಹಳೆಯ ಕಾಲದ ಕತೆಗಾರನಿಗೆ ಆನೆ ಏಕೆ ಬಂದಿತೆಂದು ಹೇಳದೆ ಕತೆ ಸಾಗುವುದಿಲ್ಲವೆಂಬ ಅರಿವಿತ್ತು. ಇಂದಿನ ನಮ್ಮ ವಾಚಕಗಳಿಗೆ ಅದಿಲ್ಲ.

ಕನ್ನಡಕ್ಕೆ ಈ ಅರಿವು ಹೊಸದೂ ಅಲ್ಲ. ಆನೆಯನ್ನು ಲಾಂಛನವಾಗಿ ಉಳ್ಳ ಗಂಗರಲ್ಲಿ, 8ನೆಯ ಶತಮಾನದ ಕೊನೆಗೆ ಆಳಿದ ಸೈಗೊಟ್ಟ ಶಿವಮಾರನು ‘ಗಜಾಷ್ಟಕ’ವನ್ನು ರಚಿಸಿದನೆಂದೂ ಅದು ಓವನಿಗೆಯಾಗಿಯೂ ಒನಕೆವಾಡಾಗಿಯೂ ಜನರ ಬಾಯಲ್ಲಿತ್ತೆಂದೂ ಶಾಸನದಿಂದ ತಿಳಿಯುತ್ತದೆ. ಕೃತಿ ನಮಗೆ ಉಳಿದಿಲ್ಲ. ಆದರೂ ಅರಸನೊಬ್ಬನ ಗಜಶಾಸ್ತ್ರ ಭತ್ತ ಕುಟ್ಟುವ ಹೆಂಗಸರ ಹಾಡಾಗಿತ್ತೆಂಬ ಒಂದು ಮಾತೇ ಸಾಕು. ಆನೆಯನ್ನು ಕುರಿತ ತಿಳಿವಳಿಕೆ ಪಂಡಿತರಿಂದ ಒರಳಿನವರೆಗೆ ಹರಿದಿದ್ದ ಕಾಲವೊಂದಿತ್ತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 12ನೆಯ ಶತಮಾನದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿಯೂ ಆನೆಗಳನ್ನು ಹಿಡಿಯುವ ಪರಿ ವಿವರವಾಗಿದೆ. ಹಿಡಿಯುವವನಿಗೆ ಅದರ ಹಾದಿ, ಮೇವು, ನೀರಿನ ಜಾಗಗಳ ಜ್ಞಾನ ಬೇಕೇ ಬೇಕು. ಈ ವಿದ್ಯೆಯ ಕೊನೆಯ ಕೊಂಡಿಯೆಂಬಂತೆ ಮೈಸೂರು ಸೀಮೆಯ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿತ್ತು. ಅದು 1971ರಲ್ಲಿ ನಿಂತಿತು. ನಿಂತುದು ಒಳ್ಳೆಯದೇ ಆಯಿತು. ಆದರೆ ಹಿಡಿಯುವ ವಿದ್ಯೆ ಹೋದಾಗ ಅರಿಯುವ ವಿದ್ಯೆಯನ್ನೂ ನಾವು ಪಾಠದಿಂದ ಬಿಟ್ಟುಕೊಟ್ಟೆವು.

ಹೊರಗಿನವರು ನಮ್ಮ ಆನೆಯನ್ನು ಮಕ್ಕಳಿಗೆ ಹೇಗೆ ತೋರಿಸಿದರೆಂಬುದನ್ನೂ ಒಂದಿಷ್ಟು ನೋಡಬೇಕು. ಕಿಪ್ಲಿಂಗನು 1894ರ ‘ಜಂಗಲ್ ಬುಕ್’ನಲ್ಲಿ ಮಾವುತನ ಮಗ ತೂಮಾಯಿಯ ಕತೆ ಬರೆದನು. ಅದನ್ನು ಆಧರಿಸಿ 1937ರಲ್ಲಿ ‘ಎಲಿಫೆಂಟ್ ಬಾಯ್’ ಚಿತ್ರ ಬಂದಿತು. ಅದರ ಹೊರಾಂಗಣ ದೃಶ್ಯಗಳನ್ನು ಮೈಸೂರಿನಲ್ಲೇ ತೆಗೆದರು, ಬಾಲಕನ ಪಾತ್ರ ವಹಿಸಿದವನು ಕಾರಾಪುರದ ಮಾವುತನ ಮಗ ಸಾಬು. ಕನ್ನಡ ನೆಲದ ಹುಡುಗನು ಆನೆಯ ಬೆನ್ನೇರಿ ಲೋಕಪ್ರಸಿದ್ಧನಾದುದು ನಮಗೆ ಹೆಮ್ಮೆಯೇ. ಆದರೆ ಆ ಚಿತ್ರದಲ್ಲಿ ಆನೆಗೂ ಹುಡುಗನಿಗೂ ನಡುವೆ ಸ್ನೇಹವಿದೆ, ಸಾಹಸವಿದೆ, ರಾಗಿ ಹೊಲವೊಂದಿಲ್ಲ.

ಇದಕ್ಕಿಂತ ಹತ್ತಿರದ ಚಿತ್ರವೊಂದು ಈಚೆಗೆ ಬಂದಿದೆ. 2022ರಲ್ಲಿ ತೆರೆಕಂಡು 2023ರ ಮಾರ್ಚಿಯಲ್ಲಿ ಆಸ್ಕರ್ ಪ್ರಶಸ್ತಿ ಪಡೆದ, ಕಾರ್ತಿಕಿ ಗೊನ್ಸಾಲ್ವಿಸ್ ಅವರ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಕಿರು ಸಾಕ್ಷ್ಯಚಿತ್ರವನ್ನು ನಮ್ಮ ಶಾಲೆಗಳಲ್ಲಿ ಅನೇಕರು ಮಕ್ಕಳಿಗೆ ತೋರಿಸಿದ್ದಾರೆ, ನಾವೂ ತೋರಿಸಿದೆವು. ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ದಂಪತಿಗಳು ತಬ್ಬಲಿ ಮರಿ ರಘುವನ್ನು ಸಾಕಿದ ಕತೆ ಅದು. ಅವರು ಕಾಡುನಾಯಕರು, ಆ ಜನರ ಆಡುಮಾತು ಕನ್ನಡಕ್ಕೆ ಬಲು ಹತ್ತಿರದ್ದು. ಬೆಳ್ಳಿಯೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ತರಗತಿಯಲ್ಲಿ ಹೆಣ್ಣುಮಕ್ಕಳು ತಮ್ಮ ತಮ್ಮ ಅಜ್ಜಿಯರ ಹೆಸರನ್ನು ಹೇಳಿಕೊಂಡು ನಕ್ಕರು. ಮರಿಯ ಸ್ನಾನ, ಹಾಲೂಟ, ತುಂಟತನ, ಕೊನೆಗೆ ಅದನ್ನು ಬೇರೆಯವರ ಕೈಗೊಪ್ಪಿಸುವಾಗ ಆ ಇಬ್ಬರ ಸಂಕಟ, ಎಲ್ಲವೂ ಮಕ್ಕಳ ಮನಸ್ಸಿಗೆ ನೇರವಾಗಿ ನಾಟುತ್ತವೆ. ಮರಿಯಾನೆಗೂ ಮನುಷ್ಯನ ಕೂಸಿಗೂ ಬೇಕಾದುದು ಒಂದೇ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳಲಾರದು.

ಆದರೆ ರಘು ಎಲ್ಲಿಯವನು? ನಮ್ಮವನೇ. 2017ರಲ್ಲಿ ಗಾಯಗೊಂಡು ಒಬ್ಬಂಟಿಯಾಗಿ ಸಿಕ್ಕಿದ್ದು ಇದೇ ಹೊಸೂರಿನ ಕಾಡಿನಲ್ಲಿ; ತಾಯಿ ಸತ್ತುದು ವಿದ್ಯುತ್ತು ತಗುಲಿ. ಚಿತ್ರ ಇದನ್ನು ಹೇಳುತ್ತದೆ, ಆದರೆ ಹೇಳಿ ಬೇಗ ಮುಂದೆ ಸಾಗುತ್ತದೆ. ಅದರ ಲಕ್ಷ್ಯ ಬೇರೆಯದಾದ್ದರಿಂದ ಅದು ತಪ್ಪೆಂದು ನಾವು ಹೇಳಲಾರೆವು. ಆದರೆ ನಮ್ಮ ಮಕ್ಕಳಿಗೆ ತೋರಿಸುವ ಉಪಾಧ್ಯಾಯನೂ ಹಾಗೆ ದಾಟಿಬಿಡಬಹುದೆ? ಆ ಚಿತ್ರಕ್ಕೆ ಪ್ರಶಸ್ತಿ ಬಂದ ಅದೇ 2023ರ ಮಾರ್ಚಿಯಲ್ಲಿ, ನಮ್ಮ ನೆರೆಯ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ, ಹೊಲಕ್ಕೆ ಅಕ್ರಮವಾಗಿ ಕಟ್ಟಿದ್ದ ವಿದ್ಯುತ್ ತಂತಿಗೆ ಸಿಕ್ಕಿ ಮೂರು ಆನೆಗಳು ಸತ್ತವು. ಎರಡು ಮರಿಗಳು ಉಳಿದುಕೊಂಡವು. ಲೋಕವೆಲ್ಲ ರಘುವನ್ನು ಕೊಂಡಾಡುತ್ತಿದ್ದ ಹೊತ್ತಿಗೆ ಇನ್ನೆರಡು ಮರಿಗಳು ಅದೇ ರೀತಿಯಲ್ಲಿ ತಬ್ಬಲಿಗಳಾದವೆಂಬುದನ್ನು ನಮ್ಮ ತರಗತಿಯಲ್ಲಿ ಹೇಳಿದೆವು. ಚಿತ್ರ ನೋಡುವಾಗ ನಗುತ್ತಿದ್ದ ಮಕ್ಕಳು ಸುಮ್ಮನಾದರು. ಆಮೇಲೆ ಒಬ್ಬನು ಎದ್ದು, “ನಮ್ಮೂರಾಗೂ ಒಬ್ರು ಹೊಲಕ್ಕೆ ತಂತಿ ಕಟ್ಟಿದ್ರು ಸಾರ್, ಅವ್ರ ಹಸೂನೇ ಸತ್ತೋಯ್ತು” ಎಂದನು. ಸೌರ ಬೇಲಿಯ ತಂತಿ ಮುಟ್ಟಿದರೆ ಕ್ಷಣಮಾತ್ರ ಝಾಡಿಸಿ ಬಿಡುತ್ತದೆ, ಕಂಬದಿಂದ ಎಳೆದ ತಂತಿ ಹಿಡಿದು ಕೊಲ್ಲುತ್ತದೆ ಎಂಬ ವ್ಯತ್ಯಾಸವನ್ನು ಆ ದಿನ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆವು. ಅದು ಆನೆಯ ಪಾಠವೂ ಹೌದು, ಮಗುವಿನ ಪ್ರಾಣದ ಪಾಠವೂ ಹೌದು.

ಹಾಗಾದರೆ ಎಳೆಯರಿಗೆ ಏನನ್ನು ಹೇಳಬೇಕೆಂದು ಉಪಾಧ್ಯಾಯ ಮಿತ್ರರು ಕೇಳುತ್ತಾರೆ. ಒಂದು, ಎರಡನೆಯ ತರಗತಿಯ ಮಗುವಿಗೆ ತೂಕ, ಎತ್ತರಗಳ ಪಟ್ಟಿ ಬೇಡ. ಅದಕ್ಕೆ ಸಂಸಾರ ಗೊತ್ತು. ಆದ್ದರಿಂದ ಆನೆಯ ಸಂಸಾರದಿಂದ ತೊಡಗಬೇಕು. ಹಿಂಡಿಗೆ ಯಜಮಾನಿ ಅಜ್ಜಿ. ಅವಳೊಡನೆ ಹೆಣ್ಣುಮಕ್ಕಳು, ಮೊಮ್ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರು. ಮರಿ ತಾಯಿಯ ಹೊಟ್ಟೆಯಲ್ಲಿ 20 ತಿಂಗಳಿಗೂ ಮೇಲ್ಪಟ್ಟು ಇರುತ್ತದೆ, ಹುಟ್ಟಿದಾಗಲೇ ಸುಮಾರು 100 ಕಿಲೊ ತೂಗುತ್ತದೆ, ಸೊಂಡಿಲನ್ನು ಏನು ಮಾಡಬೇಕೆಂದು ತಿಳಿಯದೆ ತೊಡರಿಕೊಳ್ಳುತ್ತದೆ, ನೀರನ್ನು ಬಾಯಿಂದಲೇ ಕುಡಿಯುತ್ತದೆ. ಸೊಂಡಿಲಿನಲ್ಲಿ ಮೂಳೆ ಒಂದೂ ಇಲ್ಲವೆಂದರೆ ಮಕ್ಕಳು ತಮ್ಮ ಮೂಗನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಗಂಡುಮರಿ ಹದಿಹರೆಯಕ್ಕೆ ಬಂದಾಗ ಹಿಂಡನ್ನು ಬಿಟ್ಟು ಹೋಗಬೇಕಾಗುತ್ತದೆ ಎಂಬ ಮಾತಿಗೆ ತರಗತಿ ಯಾವಾಗಲೂ ಸ್ತಬ್ಧವಾಗುತ್ತದೆ. ಯಾರು ಹೊರಗೆ ಹಾಕುತ್ತಾರೆ, ಅದು ಅಳುತ್ತದೆಯೆ ಎಂದು ಕೇಳುತ್ತಾರೆ. ನಮ್ಮ ನಾಡಿನ ಹೆಣ್ಣಾನೆಗೆ ಹೊರಚಾಚುವ ದಂತವಿಲ್ಲ. ಅಕ್ಷರಪಟದ ಆನೆಗಳೆಲ್ಲವೂ ದಂತವುಳ್ಳವೇ ಆದ್ದರಿಂದ, ಹಿಂಡಿನ ಯಜಮಾನಿಯನ್ನು ನಮ್ಮ ಯಾವ ಪಟದಲ್ಲಿಯೂ ಬರೆದೇ ಇಲ್ಲವೆಂದು ಆಯಿತು! ಪಟ ಬರೆಯಿಸುವವರು ಇದನ್ನು ಗಮನಿಸುವರೆ?

ಮೂರು, ನಾಲ್ಕನೆಯ ತರಗತಿಗೆ ಬಂದರೆ ಹೊಟ್ಟೆಯ ಪಾಠ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೊ ಮೇವು ಬೇಕು. ತಿಂದುದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೆ ಲದ್ದಿಯಾಗಿ ಹೊರಬೀಳುತ್ತದೆ. ಹಳೆಯ ಲದ್ದಿಯನ್ನು ಕೋಲಿನಿಂದ ಬಿಡಿಸಿದರೆ ಬೀಜಗಳು ಸಿಕ್ಕುತ್ತವೆ, ಮಳೆಯಾದ ಮೇಲೆ ಮೊಳಕೆಯೂ ಕಾಣುತ್ತದೆ. ಇನ್ನೊಂದು ಲೆಕ್ಕದ ಪಾಠ ನಮ್ಮ ಮಕ್ಕಳಿಗೆ ಬಹಳ ಹಿಡಿಸಿತು. ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ದಾರದಿಂದ ಅಳೆದು ಎರಡರಿಂದ ಗುಣಿಸಿದರೆ ಹೆಚ್ಚುಕಡಮೆ ಆನೆಯ ಭುಜದ ಎತ್ತರ ಬರುತ್ತದೆ. ಕೆರೆಯಂಚಿನ ಒಣಗಿದ ಕೆಸರಿನಲ್ಲಿ ಹಗಲು ಹೊತ್ತು, ದೊಡ್ಡವರ ಜೊತೆಯಲ್ಲಿ ಅಳೆದು ತಂದ ದಾರಗಳನ್ನು ಶಾಲೆಯ ಗೋಡೆಗೆ ಹಿಡಿದು ಗೆರೆ ಎಳೆಯಿಸಿದೆವು. ಒಂದು ಗೆರೆ ಬಾಗಿಲ ಮೇಲ್ಪಟ್ಟಿಯನ್ನೂ ದಾಟಿತು. ಇನ್ನೊಂದು ಎರಡನೆಯ ತರಗತಿಯ ಮಗುವಿನ ಭುಜಕ್ಕೆ ಬಂದಿತು.

ಆನೆ ರಾಗಿಯನ್ನೇ ಏಕೆ ಅರಸುತ್ತದೆ? ಪ್ರಾಜ್ಞ ಸಂಶೋಧಕರಾದ ರಾಮನ್ ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲದ ಕಡೆ ನಡೆಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಆ ಕಾಲಕ್ಕೆ ಕಾಡಿನ ಹುಲ್ಲು ಬಲಿತು ಒರಟಾಗಿರುತ್ತದೆ. ರಾಗಿ, ಭತ್ತಗಳಲ್ಲಿ ಅದಕ್ಕಿಂತ ಹೆಚ್ಚು ಸತ್ತ್ವ, ಸುಣ್ಣ, ಉಪ್ಪಿನಂಶಗಳಿವೆ. ಹೊಲಕ್ಕೆ ಬರುವುದರಲ್ಲಿ ಹಿಂಡಿಗಿಂತ ಬೆಳೆದ ಗಂಡಾನೆಗಳೇ ಮುಂದು ಎಂಬುದೂ ಅವರು ಕಂಡುಕೊಂಡ ಸಂಗತಿ. ಇದನ್ನು ಓದಿದಾಗ ನಮಗೆ ನಮ್ಮ ಆರನೆಯ ತರಗತಿಯ ಹುಡುಗನ ನೆನಪಾಯಿತು. ವಿದ್ವಾಂಸರು ವರ್ಷಗಟ್ಟಲೆ ಕಾಡಿನಲ್ಲಿದ್ದು ಸಿದ್ಧಪಡಿಸಿದ ಮಾತಿಗೆ ಸಾಕ್ಷಿಯಾಗಬಲ್ಲವನನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದೆವು.

ಭಾಷಾಪಾಠಕ್ಕೂ ಇಲ್ಲಿ ಅವಕಾಶವುಂಟು. ಆನೆ, ಯಾನೈ, ಏನುಗು ಎಂಬ ಮೂರನ್ನು ಒಂದರ ಕೆಳಗೊಂದು ಬರೆದರೆ, ಮೂರು ಮನೆಮಾತಿನ ಮಕ್ಕಳಿರುವ ನಮ್ಮ ತರಗತಿಯಲ್ಲಿ ಪ್ರತಿಯೊಬ್ಬನಿಗೂ ತನ್ನ ಮಾತು ಹಲಗೆಯ ಮೇಲಿರುವ ಸಂತೋಷ. ಹೆಣ್ಣಾನೆಗೆ ಹಳಗನ್ನಡದಲ್ಲಿ ಪಿಡಿಯೆಂದರು. ಹಳೆಯ ತಮಿಳಿನಲ್ಲಿಯೂ ಅದೇ ಮಾತು. ಗಡಿ ಎಳೆಯುವ ಮೊದಲು ಎರಡು ನುಡಿಗಳೂ ಒಂದೇ ಹಿಂಡನ್ನು ನೋಡಿದ್ದುವು.

ನಮ್ಮ ಸಂಘದ ಸಭೆಯೊಂದರಲ್ಲಿ ಈ ವಿಚಾರಗಳನ್ನು ಮುಂದಿಟ್ಟಾಗ ಎರಡು ಆಕ್ಷೇಪಗಳು ಬಂದವು. ಸಾವು ನೋವುಗಳ ಮಾತು ಎಳೆಯರಿಗೆ ಹೇಳಬಾರದೆಂಬುದು ಒಂದು. ನಮ್ಮ ಮಕ್ಕಳು ಬೆಳಗಿನ ಜಾವದಲ್ಲಿ ಆನೆಯಿಂದ ಸತ್ತವರ ಮನೆಯ ಅಳುವನ್ನು ಕೇಳಿ ಬಳಿಕ ಶಾಲೆಗೆ ಬಂದಿರುತ್ತಾರೆ. ನಾವು ಮೌನವಾಗಿದ್ದುದರಿಂದ ಅವರಿಗೆ ಯಾವ ಭಯವೂ ಕಡಿಮೆಯಾಗುವುದಿಲ್ಲ. ಎರಡನೆಯದು ಹೆಚ್ಚು ತೂಕದ್ದು, ಮತ್ತು ಅದನ್ನು ಹೇಳಿದವರು ಸ್ವತಃ ಒಕ್ಕಲುಮನೆಯಿಂದ ಬಂದ ಸಹೋದ್ಯೋಗಿ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಕಳೆದುಕೊಂಡವನ ಮಗನ ಮುಂದೆ ಆನೆಯ ಸಂಸಾರದ ಸೊಗಸನ್ನು ಬಣ್ಣಿಸುವುದು ಪಟ್ಟಣದವರ ಕರುಣೆಯಲ್ಲವೆ ಎಂದು ಅವರು ಕೇಳಿದರು. ಅದು ಸರಿಯಾದ ಪ್ರಶ್ನೆ. ಆನೆಯನ್ನು ದೇವರೆಂದು ಮಾತ್ರ ಹೇಳುವ ಪಾಠ, ಸ್ನೇಹಿತನೆಂದು ಮಾತ್ರ ಹೇಳುವ ಪಾಠ, ಎರಡೂ ಆ ಮಗುವಿನ ತಂದೆಯನ್ನು ಸುಳ್ಳುಗಾರನನ್ನಾಗಿ ಮಾಡುತ್ತವೆ. ಆದ್ದರಿಂದಲೇ ರಾಗಿ ಹೊಲವನ್ನು ಪಾಠದೊಳಗೆ ತರಬೇಕೆಂದು ನಾವು ಹಟ ಹಿಡಿದಿರುವುದು. ತುಳಿದುಹೋದ ಹೊಲದ ಲೆಕ್ಕ, ಪರಿಹಾರದ ಅರ್ಜಿ ಬರೆಯುವ ಬಗೆ, ಆನೆ ಬಂದ ಸುದ್ದಿ ಅರಣ್ಯದವರಿಂದ ಊರಿಗೆ ಬಂದ ಬೆಳಿಗ್ಗೆ ಯಾವ ಹಾದಿಯಲ್ಲಿ ಶಾಲೆಗೆ ಬರಬಾರದೆಂಬುದು, ಗುಂಪು ಕಟ್ಟಿ ಕಲ್ಲೆಸೆಯುವುದಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆಯುವುದಕ್ಕೂ ಹತ್ತಿರ ಹೋಗಬಾರದೆಂಬುದು, ಇವೆಲ್ಲವೂ ಆ ಪಾಠದ ಅಂಗಗಳು. ಮರಿಯಿರುವ ಹಿಂಡನ್ನು ಎರಡು ಕಡೆಯಿಂದಲೂ ಕೂಗಿ ಸುತ್ತುಗಟ್ಟಿದರೆ ಏನಾಗುತ್ತದೆಂಬುದನ್ನು, ಅಜ್ಜಿ ಆನೆಯ ಸಂಸಾರವನ್ನು ಅರಿತ ಮಗುವಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮ ಸಹೋದ್ಯೋಗಿ ಪೂರ್ತಿ ಒಪ್ಪಿದರೆಂದು ಹೇಳಲಾರೆವು. ಆದರೆ ಪರಿಹಾರದ ಅರ್ಜಿಯ ಮಾದರಿಯನ್ನು ಏಳನೆಯ ತರಗತಿಯ ಪತ್ರಲೇಖನಕ್ಕೆ ಸೇರಿಸಿದವರು ಅವರೇ.

ಕಳೆದ ಸುಗ್ಗಿಯ ಕೊನೆಗೆ ಹತ್ತಿರದ ಹಳ್ಳಿಯ ಎರಡು ಉಪಾಧ್ಯಾಯರ ಪ್ರೈಮರಿ ಶಾಲೆಗೆ ಹೋಗಿದ್ದೆವು. ಒಂದನೆಯ ತರಗತಿಯಲ್ಲಿ ಅಂದು ಒಂಬತ್ತು ಮಕ್ಕಳಿದ್ದರು. ವಿಜಾಪುರದ ಹಾಡನ್ನು ಮೊದಲು ಹಾಡಿಸಿಯೇ ಬಿಟ್ಟೆವು. ಬಳಿಕ ಅಜ್ಜಿ ಆನೆ, ತಾಯಾನೆ, ಮರಿಯಾನೆಗಳನ್ನು ಜೇಡಿಮಣ್ಣಿನಲ್ಲಿ ಮಾಡಿಸಿ, ಬೆಂಚಿನ ಮೇಲೆ ಜವಳಗಿರಿಯ ಕಡೆಯಿಂದ ನಡೆಸಿಕೊಂಡು ಬಂದೆವು. ಸೀಮೆಸುಣ್ಣದ ಗೆರೆ ಹೆದ್ದಾರಿ, ಒಂದು ಹಿಡಿ ರಾಗಿ ತೆನೆ ಹೊಲ. ಹೆದ್ದಾರಿ ದಾಟಿಸುವಾಗ ಮಕ್ಕಳೇ ಲಾರಿಯ ಸದ್ದು ಮಾಡಿ, ಮರಿಯನ್ನು ನಡುವೆ ಇಡಿ ಎಂದು ನಮ್ಮನ್ನೇ ತಿದ್ದಿದರು. ತೆನೆ ಮುಗಿಯಿತು. ರಾಗಿಯೆಲ್ಲ ಕೊಯ್ದಾಯಿತಲ್ಲ, ಇನ್ನು ಇವು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆವು. ಹುಡುಗರು ಬನ್ನೇರುಘಟ್ಟವೆಂದು ಕೂಗಿದರು. ಮುಂದಿನ ಸಾಲಿನಲ್ಲಿ ಕುಳಿತ ಚಿಕ್ಕ ಹುಡುಗಿಯೊಬ್ಬಳು ಅಜ್ಜಿ ಆನೆಯನ್ನು ಎತ್ತಿ ಬೆಂಚಿನ ಆ ತುದಿಗೆ ತಿರುಗಿಸಿಟ್ಟು, “ತವರಿಗೆ” ಎಂದಳು.